ಹೊಳೆಯಲ್ಲಿ ನಿಂತ ಹೆಸರು

ಸೆಪ್ಟೆಂಬರ್ ಹದಿನೆಂಟರಂದು ಮಾವ ನನ್ನ ಗಂಡನ ಹೆಸರಿನಲ್ಲಿ ಚೀಟಿ ಎತ್ತಿದರು. ಗಂಡ ತೀರಿಕೊಂಡು ಅಷ್ಟರಲ್ಲಿ ಆರು ತಿಂಗಳು ಕಳೆದಿತ್ತು.

ಸಂಜೆ ಅವರು ಮನೆಗೆ ಬಂದಾಗ ಅತ್ತೆ ಬದನೆಕಾಯಿ ಸುಡುತ್ತಿದ್ದರು. ಮಾವ ಟೋಪಿಯನ್ನೂ ತೆಗೆಯದೆ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಎರಡನೇ ನಂಬರು" ಅಂದರು.

"ಸೇತುವೆ ಕೆಳಗಿನದ್ದಾ?" ಅತ್ತೆ ಇಕ್ಕಳ ಹಿಡಿದುಕೊಂಡೇ ತಿರುಗಿದರು. "ಸುಳ್ಳು ಹೇಳ್ಬೇಡಿ."

"ಸುಳ್ಳು ಯಾಕೆ ಹೇಳ್ಲಿ? ಇಪ್ಪತ್ತೆರಡು ವರ್ಷ ಆಯ್ತು, ಅದು ನಮ್ಮನೆಗೆ ಬಂದು."

ಅತ್ತೆ ಒಲೆ ಸಣ್ಣಗೆ ಮಾಡಿ, ಕಪಾಟಿನಿಂದ ಅಕ್ಕಿಯ ಮದ್ಯ ಸಾಕೆಯ ಬಾಟಲಿ ತೆಗೆದರು. ಮಾರ್ಚಿನಿಂದ ಆ ಬಾಟಲಿಯನ್ನು ಯಾರೂ ಮುಟ್ಟಿರಲಿಲ್ಲ. ಮೂರು ಬಟ್ಟಲಿಗೂ ಸ್ವಲ್ಪ ಸ್ವಲ್ಪ ಹಾಕಿದರು. ಎಲ್ಲರೂ ಕುಡಿದೆವು. ಆಮೇಲೆ ಅತ್ತೆ ಕೇಳಿದರು:

"ಯಾರ ಹೆಸರು ಕೊಟ್ರಿ?"

ಮಾವ ಬದನೆಕಾಯಿಯ ಸಿಪ್ಪೆ ಬಿಡಿಸಲು ಶುರುಮಾಡಿದರು.

"ನಿಮ್ಮನ್ನೇ ಕೇಳ್ತಿರೋದು. ಯಾರ ಹೆಸರು?"

"ಹನ್ನೆರಡು ವರ್ಷದಿಂದ ಕೊಡ್ತಿರೋದನ್ನೇ ಕೊಟ್ಟೆ."

"ಹೊನ್ಮಾ ಇಸಾಮು ಅಂತಾ?"

"ಬಾಯಿಗೆ ಅದೇ ಬಂತು."

"ಸಂಘದ ತೊಕುಜಿ ಸುಮ್ನಿದ್ನಾ?"

"ಬರಕೊಂಡ. ಎಲ್ಲಾರೂ ಮಂಡಿ ನೋಡ್ಕೊಂಡು ಕೂತಿದ್ರು. ಚೀಟಿ ಎತ್ತು ಅಂದ. ಎತ್ತಿದೆ."

ಬದನೆಕಾಯಿಗೆ ಶುಂಠಿ ಹಾಕುವುದನ್ನು ಅತ್ತೆ ಮರೆತಿದ್ದರು. ನಾನು ಎದ್ದು ತುರಿದು ತಂದೆ.

ನಮ್ಮ ಊರಿನಲ್ಲಿ ಬರೀ ಮೀನು ಎಂದರೆ ಸಾಲ್ಮನ್. ಉಳಿದವನ್ನು ಹೆಸರು ಹಿಡಿದು ಕರೆಯುತ್ತಾರೆ. ವಸಂತದಲ್ಲಿ ಬರುವ ಟ್ರೌಟ್ ಕೂಡ ಇಲ್ಲಿ ಬರೀ ಮೀನಲ್ಲ. ಅಕ್ಟೋಬರಿನ ಮಳೆ ಬಿದ್ದ ಮೇಲೆ ಮೀನು ಕೊಲ್ಲಿಯಿಂದ ಹೊಳೆಗೆ ಹತ್ತುತ್ತದೆ. ಹೊಳೆಯೊಳಗೆ ಗೂಟ ನೆಟ್ಟು, ವಿಲೋ ಕೊಂಬೆ ಮತ್ತು ಬಿದಿರೆಲೆ ಹೆಣೆದು, ಮೇಲೆ ಚಾಪೆಯ ಮುಚ್ಚಳವಿಟ್ಟು ಪುಟ್ಟ ಗುಡಿಸಲು ಕಟ್ಟುತ್ತಾರೆ. ಅದು ಕೊದೊ. ನೀರಿಗೆದುರಾಗಿ ಈಜಿ ದಣಿದ ಮೀನು ಕತ್ತಲೆ ಕಂಡು ಒಳಗೆ ಬಂದು ನಿಲ್ಲುತ್ತದೆ. ಮುಚ್ಚಳ ಸರಿಸಿ ಕೊಕ್ಕೆಕೋಲಿನಿಂದ ಎತ್ತಬೇಕು. ಹದಿಮೂರು ಮನೆಗೆ ಹದಿಮೂರು ಜಾಗ; ಸೇತುವೆಯ ಕೆಳಗಿನ ಎರಡನೆಯದಕ್ಕೇ ಮೀನು ಹೆಚ್ಚು. ಯಾವ ಜಾಗ ಯಾರಿಗೆ ಎಂದು ಪ್ರತಿ ವರ್ಷ ಚೀಟಿ ಎತ್ತುತ್ತಾರೆ. ಮನೆಯ ಪರವಾಗಿ ಒಂದು ಹೆಸರು ಕೊಡಬೇಕು. ಆ ಹೆಸರನ್ನು ಹಲಗೆಯಲ್ಲಿ ಬರೆದು ಕೊದೊದ ಗೂಟಕ್ಕೆ ಹೊಡೆಯುತ್ತಾರೆ. ಹೆಸರಿನವನೇ ಮುಚ್ಚಳ ತೆಗೆಯಬೇಕು, ಇಲ್ಲವೇ ಅವನ ಜಾಗಕ್ಕೆ ಬಂದವನು ತೆಗೆಯಬೇಕು.

ನನ್ನ ಗಂಡ ಇಸಾಮು ಮರ ಸಾಗಿಸುವ ಲಾರಿ ಓಡಿಸುತ್ತಿದ್ದರು. ಹಿಮ ಕರಗುವ ದಿನಗಳಲ್ಲಿ ಘಟ್ಟದ ರಸ್ತೆಯಲ್ಲಿ ಲಾರಿ ಉರುಳಿತು. ನಮಗೆ ಮಕ್ಕಳಿರಲಿಲ್ಲ. ನಾನು ಊರಿನ ಶಾಲೆಯಲ್ಲಿ ವಾರಕ್ಕೆ ಮೂರು ದಿನ ಪಾಠ ಮಾಡುತ್ತೇನೆ. ಸೆಂದೈಯಲ್ಲಿ ನನ್ನ ತಾಯಿ ಇದ್ದಾರೆ. ಅಲ್ಲಿಯ ಒಂದು ಶಾಲೆಯಲ್ಲಿ ಜನವರಿಯಿಂದ ಪೂರ್ತಿ ಕೆಲಸವಿದೆ, ನವೆಂಬರ್ ಮುಗಿಯುವುದರೊಳಗೆ ಉತ್ತರ ಬರೆ, ಎಂದು ಅವರು ಕಾಗದ ಬರೆದಿದ್ದರು. ಕಾಗದವನ್ನು ಪೆಟ್ಟಿಗೆಯಲ್ಲಿಟ್ಟೆ. ಹೋಗಬೇಕು ಎಂದೂ ಅನ್ನಿಸುತ್ತಿರಲಿಲ್ಲ, ಇರಬೇಕು ಎಂದೂ ಅನ್ನಿಸುತ್ತಿರಲಿಲ್ಲ. ಬೆಳಿಗ್ಗೆ ಅಕ್ಕಿ ತೊಳೆಯಬೇಕು ಎಂಬುದು ಮಾತ್ರ ಗೊತ್ತಿತ್ತು.

ಮೂರು ದಿನ ಕಳೆದ ಮೇಲೆ ಅತ್ತೆ, "ಯುಕಿಯೊಗೆ ಬರೀರಿ, ಬರ್ಲಿ" ಅಂದರು.

ಯುಕಿಯೊ ನನ್ನ ಮೈದುನ. ನೀಗಾತದಲ್ಲಿ ಒಂದು ಬಸ್ಸು ಡಿಪೋದಲ್ಲಿ ಮೆಕ್ಯಾನಿಕ್.

"ನಾನೇ ಇಳೀತೀನಿ" ಅಂದರು ಮಾವ.

"ಆ ಮಂಡಿ ಇಟ್ಕೊಂಡಾ? ಇಳಿಯೋಕೆ ಇಳೀತೀರಿ. ಹತ್ತಿಸೋಕೆ ನಾಲ್ಕು ಜನ ಬೇಕು."

ಕಾಗದ ಬರೆದವಳು ನಾನು. ಮಾವನ ಅಕ್ಷರ ಯುಕಿಯೊಗೆ ಓದಲು ಬರುವುದಿಲ್ಲವಂತೆ. "ಎರಡನೇ ನಂಬರು ಬಂದಿದೆ, ಅಣ್ಣನ ಜಾಗಕ್ಕೆ ಬಾ" ಎಂದು ಅತ್ತೆ ಹೇಳಿದರು. ಅವರು ಹೇಳಿದಂತೆಯೇ ಬರೆದೆ.

*

ಯುಕಿಯೊ ಅಕ್ಟೋಬರ್ ಹತ್ತರಂದು ಒಂದು ಚೀಲ, ಒಂದು ಪೊಟ್ಟಣ ಬಾಳೆಹಣ್ಣು ಹಿಡಿದುಕೊಂಡು ಬಂದ. ನನಗಿಂತ ಎರಡು ವರ್ಷ ಚಿಕ್ಕವನು. ಬುದ್ಧನ ಗೂಡಿನ ಮುಂದೆ ಕುಳಿತು ಗಂಟೆ ಬಾರಿಸಿ, ಅಣ್ಣನ ಫೋಟೋಗೆ ಕೈಮುಗಿದು, ಎರಡು ಬಾಳೆಹಣ್ಣು ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಅದರಲ್ಲಿ ಒಂದನ್ನು ತೆಗೆದು ತಾನೇ ತಿಂದ.

"ಇಟ್ಟಿದ್ದನ್ನ ತಿಂತೀಯಲ್ಲೋ!" ಅಂದರು ಅತ್ತೆ.

"ಅವನು ಯಾವತ್ತೂ ಅರ್ಧ ನನಗೆ ಕೊಡ್ತಿದ್ದಮ್ಮ."

ಊಟಕ್ಕೆ ಕುಳಿತಾಗ ಯುಕಿಯೊ ಬಾಗಿಲ ಕಡೆಗೆ ಕೂತ. ಅತ್ತೆ ಅವನ ಬಟ್ಟಲನ್ನು ಎತ್ತಿ ಮಾವನ ಎಡಕ್ಕೆ, ನನ್ನ ಎದುರಿಗೆ ಇಟ್ಟರು. ಅದು ಇಸಾಮು ಕೂರುತ್ತಿದ್ದ ಜಾಗ.

"ಇಲ್ಲೇ ಚೆನ್ನಾಗಿದೆಯಲ್ಲ" ಅಂದ ಯುಕಿಯೊ.

"ಅಲ್ಲಿ ಗಾಳಿ. ಈ ಕಡೆ ಬಾ."

ಅವನು ಬಂದು ಕೂತ. ಮಾವ ಅವನನ್ನು ನೋಡಿ, ನನ್ನನ್ನು ನೋಡಿ, ಮಿಸೊ ಸಾರಿನ ಬಟ್ಟಲನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು.

ಮರುದಿನದಿಂದ ಕೊದೊ ಕಟ್ಟುವ ಕೆಲಸ. ಮಾವ ದಡದಲ್ಲಿ ಕುಳಿತು ವಿಲೋ ಕೊಂಬೆ ಸವರಿ ಕೊಟ್ಟರು, ಯುಕಿಯೊ ಸೊಂಟದ ನೀರಿನಲ್ಲಿ ನಿಂತು ಗೂಟ ಹೊಡೆದ. ನಾನು ಮಧ್ಯಾಹ್ನ ಅನ್ನದ ಉಂಡೆಗಳನ್ನು ತೆಗೆದುಕೊಂಡು ಹೋಗುತ್ತಿದ್ದೆ.

"ಕೊದೊ ಬಾಯಿ ಕೆಳಗಡೆಗೆ ಇರ್ಬೇಕು ಕಣೋ! ಮೀನು ಏನು ಆಕಾಶದಿಂದ ಬೀಳುತ್ತಾ?"

"ಗೊತ್ತಪ್ಪ."

"ಗೊತ್ತಿದ್ರೆ ಯಾಕೆ ಮೇಲಕ್ಕೆ ತಿರುಗ್ಸಿದ್ದೀಯ?"

"ನೀರು ತಿರುಗಿಸ್ತು. ಅಪ್ಪ, ಈ ಬೂಟು ಸೋರ್ತಿದೆ. ಎಡಗಾಲು ಪೂರಾ ನೀರು."

ಅವು ಇಸಾಮುವಿನ ಎದೆಮಟ್ಟದ ರಬ್ಬರ್ ಬೂಟುಗಳು. ಎಡಗಾಲು ಸೋರುತ್ತದೆ ಎಂದು ಇಸಾಮು ಹೋದ ವರ್ಷವೇ ಹೇಳಿದ್ದರು. ನನಗೆ ನೆನಪಿತ್ತು. ಯುಕಿಯೊಗೆ ಹೇಳಬಹುದಾಗಿತ್ತು. ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ.

ನಾಲ್ಕನೇ ದಿನ ಹೊಳೆಯ ಸಂಘದ ಮುಖಂಡ ತೊಕುಜಿ ಹಲಗೆ ತಂದು ಗೂಟಕ್ಕೆ ಹೊಡೆದರು. ಎರಡನೇ ನಂಬರು, ಹೊನ್ಮಾ ಇಸಾಮು. ಹೊಸ ಮಸಿ ಕಪ್ಪಗೆ ಹೊಳೆಯುತ್ತಿತ್ತು. ಸೇತುವೆಯ ಮೇಲೆ ಹೋಗುವವರಿಗೆಲ್ಲ ಅದು ಕಾಣಿಸುತ್ತಿತ್ತು. ಶಾಲೆಗೆ ಹೋಗುವಾಗ ನನಗೂ ಕಾಣಿಸುತ್ತಿತ್ತು.

*

ಮೂಲಂಗಿ ತೊಳೆಯುವ ಕಾಲುವೆಯ ಹತ್ತಿರ ಪಕ್ಕದ ಮನೆಯ ಕಿನು ಅಜ್ಜಿ ಸಿಕ್ಕಿದರು. ಅವರ ಮನೆಗೆ ಈ ಸಲ ಹದಿಮೂರನೇ ನಂಬರು. ಅಲ್ಲಿ ನೀರು ಪಾದ ಮುಳುಗುವಷ್ಟೇ.

"ನಮ್ಮ ಕೊದೊಗೆ ಕಪ್ಪೆ ಬರುತ್ತೆ" ಅಂದರು ಅಜ್ಜಿ. "ನಿಮ್ಮದು ಬಿಡು. ಸತ್ತವನ ಅದೃಷ್ಟ ಬದುಕಿರೋರಿಗೆ ಬರಲ್ಲ."

ನಾನು ಮೂಲಂಗಿ ಉಜ್ಜುತ್ತಿದ್ದೆ.

"ಹುಡುಗ ಮುಚ್ಚಳ ತೆಗೀತಾನೆ ಅಲ್ವಾ, ಮೊದಲನೇ ದಿನ?"

"ಹೌದು ಅಜ್ಜಿ."

"ಒಳ್ಳೇದಾಯ್ತು ಬಿಡು. ಹುಡುಗ ಒಳ್ಳೆಯವನು. ನಗ್ತಾ ಇರ್ತಾನೆ. ನಿನಗೂ ಇನ್ನೂ ಚಿಕ್ಕ ವಯಸ್ಸು."

"ನನಗೆ ಏನು?"

ಕಿನು ಅಜ್ಜಿ ಮೂಲಂಗಿಯನ್ನು ನೀರಿನಲ್ಲೇ ಬಿಟ್ಟು ನನ್ನ ಮುಖ ನೋಡಿದರು.

"ನಿಮ್ಮತ್ತೆ ನಿನಗೆ ಏನೂ ಹೇಳಿಲ್ವಾ?"

"ಏನು ಹೇಳ್ಬೇಕಿತ್ತು?"

"ಯುದ್ಧ ಮುಗಿದ ಮೇಲೆ ಈ ಊರಲ್ಲಿ ಮೂರು ಮನೇಲಿ ಹೀಗೇ ಆಯ್ತಮ್ಮ. ಅಣ್ಣ ಬರ್ಲಿಲ್ಲ, ತಮ್ಮ ಮುಚ್ಚಳ ತೆಗೆದ. ಕೊದೊನೂ ಅವನದ್ದೇ, ಮನೇನೂ ಅವನದ್ದೇ, ಅತ್ತಿಗೇನೂ ಅವನದ್ದೇ. ನನ್ನ ವಿಷಯವೇ ತಗೋ. ತಾತ ಅಂತ ನೀವೆಲ್ಲಾ ಕರೀತಿದ್ರಲ್ಲ, ಅವರು ನನಗೆ ಎರಡನೆಯವರು. ಮೊದಲನೆಯವರು ಅವರ ಅಣ್ಣ."

"ನಿಮ್ಮನ್ನ ಕೇಳಿದ್ರಾ ಅಜ್ಜಿ?"

"ಯಾರು?"

"ಮನೆಯವರು. ಒಪ್ಪಿಗೆನಾ ಅಂತ."

"ಕೇಳೋದಾ?" ಅಜ್ಜಿ ನಕ್ಕರು. "ಮುಚ್ಚಳ ತೆಗೆದ ದಿನ ನನ್ನ ಹಾಸಿಗೆ ಮೈದುನನ ಕೋಣೇಲಿತ್ತು. ಅಷ್ಟೇ."

ಆ ದಿನದಿಂದ ಮನೆಯಲ್ಲಿ ನಡೆಯುವುದೆಲ್ಲ ನನಗೆ ಎರಡು ಬಗೆಯಾಗಿ ಕಾಣತೊಡಗಿತು. ಅತ್ತೆ ಇಸಾಮುವಿನ ಹತ್ತಿಯ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು, "ತೋಳು ಒಂದಿಂಚು ಬಿಡು, ಯುಕಿಯೊಗೆ ಗಿಡ್ಡ ಆಗುತ್ತೆ" ಅಂದರು. ಚಳಿಗೆ ಕೊಟ್ಟರೇ, ಬೇರೆ ಏನಕ್ಕಾದರೂ ಕೊಟ್ಟರೇ? ಒಂದೇ ಬಿಸಿನೀರಿಗೆ ಎಲ್ಲರೂ ಇಳಿಯುವ ಸ್ನಾನದ ತೊಟ್ಟಿಗೆ ಮಾವ ಆದ ಮೇಲೆ ಯುಕಿಯೊ, ಅವನು ಆದ ಮೇಲೆ ನಾನು ಎಂದು ಸರದಿ ಬದಲಾಯಿಸಿದರು. ನೀರು ಆರುತ್ತದೆ ಎಂದೇ, ಇನ್ನೇನಾದರೂ ಇತ್ತೇ? ನನಗೆ ತಿಳಿಯಲಿಲ್ಲ. ಅಂಗಿಯ ತೋಳು ಬಿಚ್ಚಿ ಹೊಲಿದೆ.

ಯುಕಿಯೊ ಅದನ್ನು ಹಾಕಿಕೊಂಡು, "ಇದನ್ನ ಅತ್ತಿಗೆ ಹೊಲಿದ್ರಾ?" ಎಂದು ಅತ್ತೆಯನ್ನು ಕೇಳಿದ.

"ಮತ್ತೆ ನಾನಾ? ನನ್ನ ಕಣ್ಣಿಗೆ ಸೂಜಿ ಎಲ್ಲಿ ಕಾಣುತ್ತೆ?"

ಅಂದಿನಿಂದ ಅವನು ನನ್ನನ್ನು ಅತ್ತಿಗೆ ಎಂದು ಕರೆಯುವುದನ್ನು ಬಿಟ್ಟ. ಬೇರೆ ಏನೆಂದೂ ಕರೆಯಲಿಲ್ಲ. "ಉಪ್ಪು" ಅನ್ನುತ್ತಿದ್ದ, ನಾನು ಉಪ್ಪು ಕೊಡುತ್ತಿದ್ದೆ.

*

ಅಕ್ಟೋಬರ್ ಇಪ್ಪತ್ತಾರರಂದು ಯುಕಿಯೊ ಮುಚ್ಚಳ ತೆಗೆದ. ಮೊದಲ ದಿನವೇ ಐದು ಮೀನು. ಸಂಘದ ಗಂಡಸರು ದಡದಲ್ಲಿ ನಿಂತು ಚಪ್ಪಾಳೆ ತಟ್ಟಿದರು. ತೊಕುಜಿ ನನ್ನ ಕಡೆಗೂ ತಲೆ ಬಾಗಿಸಿದರು. ಏತಕ್ಕೆ ಎಂದು ಗೊತ್ತಾಗದೆ ನಾನೂ ಬಾಗಿಸಿದೆ.

ಆಮೇಲೆ ಮೂರು ವಾರ ಮನೆಯ ತುಂಬ ಮೀನು. ಬೆಳಿಗ್ಗೆ ಯುಕಿಯೊ ಹೊತ್ತು ತರುತ್ತಿದ್ದ. ಅತ್ತೆ ಮತ್ತು ನಾನು ಲೋಳೆ ಕೆರೆದು, ಕರುಳು ತೆಗೆದು, ಉಪ್ಪು ತಿಕ್ಕುತ್ತಿದ್ದೆವು. ಹೆಣ್ಣು ಮೀನಿನ ಮೊಟ್ಟೆಯನ್ನು ಸೋಯಾ ಸಾಸಿನಲ್ಲಿ ನೆನೆಸಿ ಅನ್ನದ ಮೇಲೆ ಹಾಕಿಕೊಳ್ಳುತ್ತಿದ್ದೆವು. ತಲೆಯನ್ನು ಮೂಲಂಗಿಯ ಜೊತೆ ಬೇಯಿಸುತ್ತಿದ್ದೆವು. ಒಂದು ವಾರ ಉಪ್ಪಿನಲ್ಲಿಟ್ಟ ಮೀನನ್ನು ತೊಳೆದು, ಬಾಲಕ್ಕೆ ಹಗ್ಗ ಕಟ್ಟಿ, ಸೂರಿನ ಕೆಳಗೆ ತಲೆಕೆಳಗಾಗಿ ನೇತುಹಾಕುವುದು. ಸಮುದ್ರದ ಗಾಳಿಗೆ ಮೂರು ವಾರ ಒಣಗಬೇಕು.

ನಮ್ಮಲ್ಲಿ ಮೀನಿನ ಹೊಟ್ಟೆಯನ್ನು ಉದ್ದಕ್ಕೂ ಸೀಳುವುದಿಲ್ಲ. ಮೇಲೊಂದು, ಕೆಳಗೊಂದು ಸೀಳು ಹಾಕಿ, ನಡುವೆ ಎರಡು ಬೆರಳಿನಷ್ಟು ಹಾಗೇ ಬಿಡುತ್ತಾರೆ. ಪೂರ್ತಿ ಸೀಳಿದರೆ ಮನೆಗೆ ಕೇಡು. ಐದು ವರ್ಷದಿಂದ ನಾನು ಹಾಗೆಯೇ ಕುಯ್ಯುತ್ತಿದ್ದೆ. ನವೆಂಬರ್ ಮೊದಲ ವಾರ ಒಂದು ದಿನ, ಗಮನವಿಲ್ಲದೆ, ದೊಡ್ಡದೊಂದು ಗಂಡು ಮೀನನ್ನು ಗಂಟಲಿನಿಂದ ಬಾಲದವರೆಗೆ ಸೀಳಿಬಿಟ್ಟೆ.

"ಕಯೊ!"

"ತಪ್ಪಾಯ್ತು ಅತ್ತೆ."

"ತಪ್ಪಾಯ್ತು ಅಂದ್ರೆ ಹೊಟ್ಟೆ ಕೂಡ್ಕೊಳ್ಳುತ್ತಾ? ಕಾಲೇಜಲ್ಲಿ ನಾಲ್ಕು ವರ್ಷ ಏನು ಕಲಿಸಿದ್ರು ನಿನಗೆ?"

"ಮೀನು ಕುಯ್ಯೋದು ಕಲಿಸ್ಲಿಲ್ಲ."

"ಎದುರು ಮಾತು ಕಲಿಸಿದ್ದಾರೆ. ಎಲ್ಲಿದೆ ನಿನ್ನ ಮನಸ್ಸು?"

"ಗೊತ್ತಿಲ್ಲ ಅತ್ತೆ."

ಆ ಮೀನನ್ನು ತುಂಡು ಮಾಡಿ ಅಂದೇ ಬೇಯಿಸಿದೆವು. ನೇತುಹಾಕಲಿಲ್ಲ.

ಯುಕಿಯೊ ಅಷ್ಟು ಹೊತ್ತಿಗೆ ಹತ್ತು ದಿನಕ್ಕೊಮ್ಮೆ ಊರ ಅಂಗಡಿಯ ಟೆಲಿಫೋನಿಗೆ ಹೋಗುತ್ತಿದ್ದವನು ದಿನಾ ಹೋಗತೊಡಗಿದ. ರಜೆ ಯಾವಾಗ ಮುಗಿಯುತ್ತದೆ ಎಂದು ಡಿಪೋದವರು ಕೇಳುತ್ತಿದ್ದಾರೆ ಅನ್ನುತ್ತಿದ್ದ. ಅಂಗಡಿಯಾಕೆ ಬೇರೆ ಹೇಳಿದಳು: "ಡಿಪೋದವರಿಗೆ ಯಾರಾದ್ರೂ 'ಊಟ ಆಯ್ತಾ, ಕೆಮ್ಮು ಹೋಯ್ತಾ' ಅಂತ ಕೇಳ್ತಾರಾ?"

ಇದನ್ನು ಮನೆಯಲ್ಲಿ ನಾನು ಹೇಳಲಿಲ್ಲ. ಹೇಳಿದರೆ ನಾನು ಅಸೂಯೆಪಟ್ಟಂತೆ ಕಾಣಬಹುದು ಎಂದು ತೋರಿತು. ಅಸೂಯೆ ಇರಲಿಲ್ಲ. ಏನಿತ್ತು ಎಂದರೆ ಅದೂ ಗೊತ್ತಿಲ್ಲ.

*

ನವೆಂಬರ್ ಹದಿನಾಲ್ಕರಂದು ತಾಯಿಯ ಎರಡನೇ ಕಾಗದ ಬಂತು. ಒಂದೇ ಸಾಲು. "ಶಾಲೆಯವರು ಕೇಳುತ್ತಿದ್ದಾರೆ, ನಾನು ಏನು ಹೇಳಲಿ?"

ಅಂದು ರಾತ್ರಿ ಊಟಕ್ಕೆ ಮೀನಿನ ತಲೆಯ ಸಾರು, ಉಪ್ಪು ಹಾಕಿದ ಎಲೆಕೋಸು. ಯುಕಿಯೊ ನನ್ನ ಎದುರಿಗೆ ಇಸಾಮುವಿನ ಅಂಗಿ ಹಾಕಿಕೊಂಡು ಕೂತಿದ್ದ. ಅತ್ತೆ ನನಗೆ, "ಅವನ ಬಟ್ಟಲು ಖಾಲಿ ಆಗಿದೆ ನೋಡು" ಅಂದರು.

ನಾನು ಅನ್ನದ ಸೌಟು ಕೆಳಗಿಟ್ಟೆ.

"ಅತ್ತೆ, ನನ್ನನ್ನ ಯುಕಿಯೊಗೆ ಕೊಡ್ಬೇಕು ಅಂತ ಇದ್ದೀರಾ?"

ಯುಕಿಯೊ ಕೆಮ್ಮಿದ. ಮೂಗಿನಿಂದ ಸಾರು ಬಂತು.

"ಯಾರು ಹೇಳಿದ್ದು?" ಅಂದರು ಅತ್ತೆ.

"ಯಾರೂ ಹೇಳಿಲ್ಲ. ಅದಕ್ಕೇ ಕೇಳ್ತಿದ್ದೀನಿ."

"ನಾನು ಯಾವಾಗ ಹಾಗಂದೆ? ನಿಮ್ಮ ಮಾವನ ಮನಸ್ಸಲ್ಲಿ ಇರ್ಬೇಕು ಅಂತ ನಾನಂದ್ಕೊಂಡೆ. ಹೆಸರು ಹಾಗೆ ಕೊಟ್ಟು ಬಂದಿದ್ದು ಅವರು."

"ನನ್ನ ಮನಸ್ಸಲ್ಲಾ?" ಮಾವ ಗಾಬರಿಯಾದರು. "ನೀನೇ ಅಲ್ವೇನೆ, ಬಟ್ಟಲು ಎತ್ತಿ ಆ ಜಾಗಕ್ಕೆ ಇಟ್ಟೋಳು?"

"ಗಾಳಿ ಬರುತ್ತೆ ಅಂತ ಇಟ್ಟೆ!"

"ಅಂಗಿ?"

"ಚಳಿ ಅಂತ ಕೊಟ್ಟೆ! ಹೊಲಿದೋಳು ಅವಳು. ಅಷ್ಟು ಮುತುವರ್ಜಿಯಿಂದ ಹೊಲಿದ್ಳಲ್ಲ, ಅವಳಿಗೇ ಇಷ್ಟ ಇರ್ಬೇಕು ಅಂದ್ಕೊಂಡೆ."

"ನೀವು ಹೊಲಿ ಅಂದ್ರಿ, ಹೊಲಿದೆ" ಅಂದೆ.

"ಅಮ್ಮಾ" ಅಂದ ಯುಕಿಯೊ, ಮೂಗು ಒರೆಸಿಕೊಳ್ಳುತ್ತ. "ನನಗೆ ನೀಗಾತದಲ್ಲಿ ಒಬ್ಳಿದ್ದಾಳೆ. ಬಸ್ಸಲ್ಲಿ ಟಿಕೆಟ್ ಕೊಡೋಳು. ಹೇಳ್ಬೇಕು ಅಂತ ಬಂದೆ. ಬಂದ ದಿನವೇ ನೀವು ನನ್ನನ್ನ ಇಲ್ಲಿ ಕೂರಿಸಿದ್ರಿ. ಅತ್ತಿಗೆ ಅಂಗಿ ಬೇರೆ ಹೊಲಿದ್ರು. ಅತ್ತಿಗೆ ಆಸೆ ಇಟ್ಕೊಂಡಿದ್ರೆ ಹೇಗಪ್ಪಾ ಹೇಳೋದು ಅಂತ ಒಂದು ತಿಂಗಳಿಂದ ನಿದ್ದೆ ಇಲ್ಲ ನನಗೆ."

"ನಾನು ಆಸೆ ಇಟ್ಕೊಂಡಿಲ್ಲ" ಅಂದೆ.

"ದೇವರು ಒಳ್ಳೇದು ಮಾಡ್ಲಿ ಅತ್ತಿಗೆ!"

ಮಾವ ನಗಲು ಶುರುಮಾಡಿದರು. ಭುಜ ಮಾತ್ರ ಅಲುಗುತ್ತಿತ್ತು, ಸದ್ದಿರಲಿಲ್ಲ. ಯುಕಿಯೊನೂ ನಕ್ಕ. ಅತ್ತೆ ನಗಲಿಲ್ಲ.

"ಅಂದ್ರೆ ಯಾರಿಗೂ ಬೇಡ. ಆಯ್ತು. ನಾಳೆ ಅವನು ಟಿಕೆಟ್ ಹುಡುಗೀನ ಕಟ್ಕೊಂಡು ಬರ್ತಾನೆ. ಕಯೊ ಇರ್ತಾಳೆ. ಅವಳು ನಮ್ಮ ಇಸಾಮು ಹೆಂಡ್ತಿ, ಈ ಮನೇಲೇ ಇರ್ತಾಳೆ."

"ಸೆಂದೈಯಿಂದ ಕಾಗದ ಬಂದಿದೆ ಅತ್ತೆ. ಜನವರಿಯಿಂದ ಕೆಲಸ ಇದೆಯಂತೆ."

"ಗೊತ್ತು. ಪೋಸ್ಟಿನವನು ಕವರು ನನ್ನ ಕೈಲೇ ಕೊಟ್ಟಿದ್ದು."

"ಅವಳಿಗೆ ಇಪ್ಪತ್ತೊಂಬತ್ತು ಕಣೆ" ಅಂದರು ಮಾವ.

"ಇರ್ಲಿ. ನಾನೇನು ಅವಳನ್ನ ಹಿಡ್ಕೊಂಡಿದ್ದೀನಾ? ಹೋಗ್ಲಿ. ಇವನು ತನ್ನ ಹುಡುಗಿ ಜೊತೆ ಹೋಗ್ಲಿ, ಇವಳು ತನ್ನ ಅಮ್ಮನ ಜೊತೆ ಹೋಗ್ಲಿ. ಎಲ್ಲಾರೂ ಹೋದ್ಮೇಲೆ ಇಸಾಮುಗೆ ಯಾರಿರ್ತಾರೆ? ಹೇಳಿ. ಅಲ್ಲಿ ಹೊಳೇಲಿ ಹೆಸರು ಹಾಕ್ಕೊಂಡು ನಿಂತಿದ್ದಾನಲ್ಲ, ಅವನಿಗೆ ಯಾರಿರ್ತಾರೆ?"

ಮಾವ ತಮ್ಮ ಬಟ್ಟಲಿನಲ್ಲಿದ್ದ ಅನ್ನವನ್ನು ಕೊನೆಯ ಕಾಳಿನವರೆಗೂ ತಿಂದರು. ನಾನು ಯುಕಿಯೊನ ಬಟ್ಟಲಿಗೆ ಅನ್ನ ಹಾಕಿದೆ. ಹಾಕಿದ ಮೇಲೆ ಅದೂ ತಪ್ಪಾಯಿತೇನೋ ಎನ್ನಿಸಿತು.

*

ಬೆಳಿಗ್ಗೆ ಮಾವ ಕೋಲು ಹಿಡಿದು ಎಲ್ಲರಿಗಿಂತ ಮುಂಚೆ ಹೊಳೆಗೆ ಹೊರಟರು. ಯುಕಿಯೊ ಹಿಂದೆ ಹೋದ. ಮಾವನ ನಡಿಗೆ ಸರಿಯಿಲ್ಲ ಎಂದು ಅತ್ತೆ ನನ್ನನ್ನೂ ಕಳಿಸಿ, ತಾವೂ ಅಡುಗೆಯ ಬಟ್ಟೆಯಲ್ಲೇ ಬಂದರು. ಮಂಜು ಇತ್ತು. ಮೀನು ಭರದಲ್ಲಿ ಹತ್ತುವ ವಾರ ಅದು; ಸಂಘದ ಗಂಡಸರೆಲ್ಲ ದಡದಲ್ಲಿದ್ದರು. ಇನ್ನು ಹದಿನೈದು ದಿನ ಹೊಳೆ ತೆರೆದಿರುತ್ತಿತ್ತು.

"ತೊಕುಜಿ, ಆ ಹಲಗೆ ತೆಗಿ" ಅಂದರು ಮಾವ.

"ಯಾವ ಹಲಗೆ?"

"ನಮ್ಮದು. ಅದರಲ್ಲಿರೋನು ಮಾರ್ಚಲ್ಲಿ ಸತ್ತ."

ಮನೆಯವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಮಾರ್ಚಿನ ವಿಷಯ, ಆ ದಿನ, ಅದಾದ ಮೇಲೆ, ಹೀಗೆಯೇ ನಾವು ಹೇಳುತ್ತಿದ್ದದ್ದು.

ತೊಕುಜಿ ಟೋಪಿ ತೆಗೆದರು. "ಗೊತ್ತಣ್ಣ."

"ನಿಮಗೆಲ್ಲಾ ಗೊತ್ತಿದೆ ಅಂತ ನನಗೂ ಗೊತ್ತು. ನನ್ನ ಬಾಯಿಂದ ಬಂದಿರ್ಲಿಲ್ಲ, ಅಷ್ಟೇ. ಸುಳ್ಳು ಹೆಸರು ಕೊಟ್ಟೆ."

"ಇನ್ನು ಹದಿನೈದು ದಿನ ಇದೆ. ಮುಗಿದ್ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವಾ? ಈಗ ಹೇಳಿದ್ರೆ ನಾನು ಜಾಗ ಬಿಡಿಸ್ಬೇಕಾಗುತ್ತೆ. ಹೆಸರು ತಪ್ಪಿದ್ರೆ ಜಾಗ ಕೊನೇ ನಂಬರಿನವರಿಗೆ. ನಿಯಮ ನಿಮಗೇ ಗೊತ್ತಲ್ಲ."

"ನಿಯಮ ಬರೆದೋರಲ್ಲಿ ನಮ್ಮಪ್ಪನೂ ಒಬ್ಬ. ಬಿಡಿಸು." ಮಾವ ಕೋಲನ್ನು ಕಲ್ಲಿಗೆ ಊರಿದರು. "ಆ ಹೆಸರು ಇಲ್ಲಿ ನಿಂತಿರೋ ತನಕ ನಮ್ಮನೇಲಿ ಒಬ್ಬ ಅವನಾಗ್ಬೇಕು, ಒಬ್ಳು ಅವನ ಹೆಂಡ್ತಿಯಾಗಿರ್ಬೇಕು. ಊಟ ಇಳೀತಿಲ್ಲ ಯಾರಿಗೂ."

ಕೊನೆಯ ನಂಬರು ಕಿನು ಅಜ್ಜಿಯ ಮನೆಯದು. ಅಜ್ಜಿಯ ಮಗ ಶೋಕಿಚಿ ಬೂಟು ನೋಡುತ್ತ, "ನಮಗೆ ಬೇಡಪ್ಪ" ಅಂದ.

"ಬೇಡ ಅನ್ಬೇಡ್ವೋ" ಅಂದರು ಸೇತುವೆಯ ಮೇಲಿನಿಂದ ಕಿನು ಅಜ್ಜಿ. "ಬೇಕು. ಆದ್ರೆ ಹೀಗೆ ಬೇಕಾಗಿರ್ಲಿಲ್ಲ ಅನ್ನು."

ಯುಕಿಯೊ ನೀರಿಗಿಳಿದು ಮೊಳೆ ಕಿತ್ತು ಹಲಗೆ ತೆಗೆದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಯೊಳಗೆ ತುರುಕಿಕೊಂಡ. ಆಗ ಕೊದೊದೊಳಗೆ ಏನೋ ಬಡಿಯಿತು. ಗೋಡೆಯ ಎಲೆಗಳು ನಡುಗಿದವು.

"ಒಳಗೆ ಮೀನಿದೆ" ಅಂದ ಯುಕಿಯೊ.

"ಯಾರದ್ದು?" ಎಂದು ಯಾರೋ ಕೇಳಿದರು.

"ರಾತ್ರಿ ಬಂದಿದ್ರೆ ಹೊನ್ಮಾ ಮನೇದು."

"ಬಂದಿದ್ದು ಈಗ ಇರ್ಬಹುದಲ್ಲ?"

"ಈಗ ಅಂದ್ರೆ? ಹಲಗೆ ತೆಗೆಯೋಕೆ ಮುಂಚೇನಾ, ಆಮೇಲಾ?"

"ಮೀನನ್ನೇ ಕೇಳು."

"ಶೋಕಿಚಿ, ನಿನ್ನದು ತಗೋಪ್ಪ."

"ನಾನು ಮುಟ್ಟಲ್ಲ."

ತೊಕುಜಿ ತಲೆ ಕೆರೆದುಕೊಂಡರು. ಇದಕ್ಕೆ ನಿಯಮ ಬರೆದಿರಲಿಲ್ಲ. ಅವರು ವಾದ ಮಾಡುತ್ತಿರುವಾಗಲೇ ಅತ್ತೆ ಚಪ್ಪಲಿ ಬಿಟ್ಟು, ಬಟ್ಟೆಯ ಸಮೇತ ನೀರಿಗೆ ಇಳಿದರು. ನೀರು ಸೊಂಟಕ್ಕೆ ಬಂತು. ಯುಕಿಯೊನ ಕೈಯಿಂದ ಕೊಕ್ಕೆಕೋಲು ಕಿತ್ತುಕೊಂಡರು.

"ಅಮ್ಮಾ, ಹೆಂಗಸರು..."

"ಮುಚ್ಚು ಬಾಯಿ. ಮುಚ್ಚಳ ಸರಿಸು."

ಒಳಗೆ ಇಣುಕಿ ಒಂದು ಕ್ಷಣ ನಿಂತರು. ಆಮೇಲೆ ಕೋಲು ಒಂದೇ ಸಲ ಹೋಗಿ ಬಂತು. ನನ್ನ ತೋಳಿನಷ್ಟು ಉದ್ದದ ಗಂಡು ಮೀನು, ಮೈಮೇಲೆ ಕೆಂಪು ಪಟ್ಟೆ. ಅತ್ತೆ ಎಲ್ಲಿ ಯಾವಾಗ ಇದನ್ನು ಕಲಿತರೋ, ಮಾವನ ಮುಖ ನೋಡಿದರೆ ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ಇದು ನನ್ನ ಮಗನದ್ದು" ಎಂದು ಅತ್ತೆ ದಡದವರಿಗೆಲ್ಲ ಹೇಳಿದರು. "ಕೊನೇದು. ಇನ್ಮೇಲೆ ಬರೋದೆಲ್ಲಾ ಕಿನು ಮನೇದು."

ಆಮೇಲೆ ನನ್ನನ್ನು ನೋಡಿ, "ನಿಂತ್ಕೊಂಡು ಏನು ನೋಡ್ತೀಯ? ಬಾಲ ಹಿಡಿ" ಅಂದರು.

*

ಮನೆಯಲ್ಲಿ ಅತ್ತೆ ಬಟ್ಟೆ ಬದಲಾಯಿಸಿ ಕೆಂಡದ ಮುಂದೆ ಕುಳಿತರು. ತುಟಿ ನೀಲಿಯಾಗಿತ್ತು. ಯುಕಿಯೊ ಟೆಲಿಫೋನಿಗೆ ಓಡಿದ್ದ. ಮಾವ ಸ್ವಲ್ಪ ದೂರದಲ್ಲಿ ಕುಳಿತಿದ್ದರು.

"ಬೈಯಲ್ವಾ?" ಅಂದರು.

"ಬೈತೀನಿ. ಮೊದ್ಲು ಮೈ ಬೆಚ್ಚಗಾಗ್ಲಿ."

ನಾನು ಚಹಾ ಕೊಟ್ಟೆ. ಕುಡಿದ ಮೇಲೆ ಅತ್ತೆ ಮೀನನ್ನು ಕುಯ್ಯುವ ಮಣೆಯ ಮೇಲೆಳೆದುಕೊಂಡು, ಕರುಳು ತೆಗೆದು, ಬಾಲದಿಂದ ತಲೆಯ ಕಡೆಗೆ ಉಪ್ಪು ತಿಕ್ಕತೊಡಗಿದರು. ನಾನು ಕೈ ಹಾಕಲು ಹೋದೆ. ಬೇಡ ಅಂದರು.

"ಒಂದು ವಾರ ಉಪ್ಪು, ಮೂರು ವಾರ ಗಾಳಿ" ಎಂದು ಕೈ ನಿಲ್ಲಿಸದೆ ಹೇಳಿದರು. "ಡಿಸೆಂಬರ್ ಹದಿನೈದರ ಹೊತ್ತಿಗೆ ಆಗುತ್ತೆ. ಇದು ನಿಮ್ಮಮ್ಮನಿಗೆ. ಪೋಸ್ಟಲ್ಲಿ ಕಳಿಸೋ ಮೀನಲ್ಲ ಇದು."

"ನಾನು ಹೋಗ್ಬೇಕು ಅಂತೀರಾ ಅತ್ತೆ?"

"ಮೀನು ಹೋಗ್ಬೇಕು ಅಂದೆ. ನಿನ್ನ ವಿಷಯ ನಾನ್ಯಾಕೆ ಹೇಳ್ಲಿ?"

ಅವರು ಮೀನನ್ನು ಮಗುಚಿದರು. ಕಿವಿರಿನೊಳಗೆ ಬೆರಳು ಹಾಕಿ ಅಲ್ಲಿಗೂ ಉಪ್ಪು ತುಂಬಿದರು. ಕಣ್ಣಿನ ಸುತ್ತಲೂ ಹಚ್ಚಿದರು. ನಾನು ಅವರ ಕೈಯನ್ನೇ ನೋಡುತ್ತ ಕೂತಿದ್ದೆ.

"ಹೋಗ್ತೀನಿ" ಅಂದೆ.

ಅತ್ತೆ ತಲೆ ಎತ್ತಲಿಲ್ಲ.

"ನಿಮ್ಮ ಮಾವನಿಗೂ ಕೇಳೋ ಹಾಗೆ ಹೇಳು. ಆಮೇಲೆ ಯಾರೂ ಏನೇನೋ ಅಂದ್ಕೊಳ್ಳೋದು ಬೇಡ."

"ಮಾವ, ನಾನು ಹೋಗ್ತೀನಿ."

"ಕೇಳಿಸ್ತಮ್ಮ" ಅಂದರು ಮಾವ. "ಮೊದಲನೇ ಸಲಾನೇ ಕೇಳಿಸ್ತು."

ಅವರು ಮಂಡಿ ಹಿಡಿದುಕೊಂಡು ಎದ್ದು ಬಂದು, ಉಪ್ಪಿನ ಮಡಕೆಯನ್ನು ಅತ್ತೆಯ ಕೈಗೆ ಎಟುಕುವಂತೆ ಸರಿಸಿದರು.